ಹದಿನೈದು ದಿನಗಳಲ್ಲಿ ಲೆವೆಲ್ 2 ಸರ್ಟಿಫಿಕೇಟ್: ಮಗಳನ್ನು ಎನ್‌ಡಿಟಿ ಕೋರ್ಸಿಗೆ ಸೇರಿಸಬಹುದೇ?

ಪ್ರಶ್ನೆ: ನಾನು ಮಲೆನಾಡಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ವಿಭಾಗದ ಉಪನ್ಯಾಸಕ. ಮಗಳು ಈ ವರ್ಷ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದಾಳೆ. ಬೆಂಗಳೂರಿನ ತರಬೇತಿ ಸಂಸ್ಥೆಯೊಂದು ಹದಿನೈದು ದಿನಗಳಲ್ಲಿ ಎನ್‌ಡಿಟಿಯ, ಅಂದರೆ ವಸ್ತುವನ್ನು ಕೆಡಿಸದೆ ಅದರ ದೋಷ ಹುಡುಕುವ ನಾಶರಹಿತ ಪರೀಕ್ಷೆಯ, ಪೆನೆಟ್ರಂಟ್ (ಬಿರುಕಿಗೆ ಇಳಿಯುವ ಬಣ್ಣದ ದ್ರವ), ಮ್ಯಾಗ್ನೆಟಿಕ್ ಪಾರ್ಟಿಕಲ್ (ಕಾಂತ ಮತ್ತು ಕಬ್ಬಿಣದ ಪುಡಿ), ಅಲ್ಟ್ರಾಸಾನಿಕ್ (ಶಬ್ದದ ಅಲೆ) ಮತ್ತು ರೇಡಿಯೋಗ್ರಫಿ (ವಿಕಿರಣದ ಚಿತ್ರ), ಈ ನಾಲ್ಕೂ ವಿಧಾನಗಳಲ್ಲಿ ‘ಅಂತರರಾಷ್ಟ್ರೀಯ ಲೆವೆಲ್ 2 ಸರ್ಟಿಫಿಕೇಟ್’ ಕೊಡುತ್ತೇವೆ, ಕೊಲ್ಲಿ ದೇಶಗಳಲ್ಲಿ ಕೆಲಸ ಖಚಿತ ಎನ್ನುತ್ತಿದೆ. ಶುಲ್ಕ ನಮ್ಮ ಮಟ್ಟಿಗೆ ದೊಡ್ಡ ಮೊತ್ತ. ಮನೆಯ ಹಿರಿಯರು ‘ವಿಕಿರಣದ ಕೆಲಸ ಹೆಣ್ಣುಮಗಳಿಗೆ ಬೇಡ, ನಾಳೆ ಮದುವೆ ಮಕ್ಕಳು ಎಂದರೆ ತೊಂದರೆ’ ಎನ್ನುತ್ತಾರೆ. ಯಂತ್ರವೇ ಎಲ್ಲವನ್ನೂ ಹೇಳುವಾಗ ಇದರಲ್ಲಿ ಕಲಿಯುವುದೇನಿದೆ ಎಂಬುದು ನನ್ನ ಸಹೋದ್ಯೋಗಿಯೊಬ್ಬರ ಮಾತು. ನಾನು ಪಾಠ ಮಾಡುವ ಪುಸ್ತಕದಲ್ಲಿ ಈ ವಿಷಯಕ್ಕೆ ಸಿಕ್ಕಿರುವುದು ಒಂದೆರಡು ಪುಟ. ಕಾಲೇಜಿನಲ್ಲಿ ಒಂದು ಉಪಕರಣವೂ ಇಲ್ಲ. ಅವಳನ್ನು ಸೇರಿಸಲೇ, ಬೇಡವೇ? ನಮ್ಮಂಥ ಕಾಲೇಜು ಈ ವಿಷಯದಲ್ಲಿ ಏನಾದರೂ ಮಾಡಲು ಸಾಧ್ಯವೇ?

ಉತ್ತರ: ದುಡ್ಡು ಹೋಗುತ್ತದೆಯೇ, ಆರೋಗ್ಯ ಕೆಡುತ್ತದೆಯೇ, ಇದು ನಿಜಕ್ಕೂ ಕಲಿಯುವಂಥ ವಿದ್ಯೆಯೇ ಎಂಬ ಮೂರು ಆತಂಕಗಳು ನಿಮ್ಮ ಪತ್ರದಲ್ಲಿ ಹೆಣೆದುಕೊಂಡಿವೆ. ದುಡ್ಡಿನ ಮಾತನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಕೂಡುವ ಲೆಕ್ಕದಲ್ಲೇ ಇದೆ.

ನಮ್ಮಲ್ಲಿ ಹಂಚುವ ಬಹುಪಾಲು ಸರ್ಟಿಫಿಕೇಟುಗಳ ಮೇಲೆ ಎಸ್‌ಎನ್‌ಟಿ-ಟಿಸಿ-1ಎ ಎಂದು ಮುದ್ರಿಸಿರುತ್ತದೆ. ಅದು ಎಎಸ್‌ಎನ್‌ಟಿ, ಅಂದರೆ ಅಮೆರಿಕದ ನಾಶರಹಿತ ಪರೀಕ್ಷಾ ಸೊಸೈಟಿ, 1960ರ ದಶಕದಲ್ಲಿ ಹೊರತಂದು ಆಗಾಗ ಪರಿಷ್ಕರಿಸುತ್ತಿರುವ ಶಿಫಾರಸು. ಯಾವ ವಿಧಾನಕ್ಕೆ ಎಷ್ಟು ಗಂಟೆ ತರಬೇತಿ ಬೇಕು ಎಂಬುದಕ್ಕೆ ಅದರಲ್ಲೇ ಕೋಷ್ಟಕವಿದೆ. ಲೆವೆಲ್ 1 (ಹೇಳಿದಂತೆ ಪರೀಕ್ಷೆ ಮಾಡುವವರು) ಮತ್ತು ಲೆವೆಲ್ 2 (ಫಲಿತಾಂಶವನ್ನು ತಾವೇ ಅರ್ಥೈಸುವವರು) ಸೇರಿ ಪೆನೆಟ್ರಂಟ್‌ಗೆ 12 ಗಂಟೆ, ಮ್ಯಾಗ್ನೆಟಿಕ್ ಪಾರ್ಟಿಕಲ್‌ಗೆ 20, ಅಲ್ಟ್ರಾಸಾನಿಕ್‌ಗೆ 80, ರೇಡಿಯೋಗ್ರಫಿಗೆ 80. ಒಟ್ಟು 192 ಗಂಟೆ. ಹದಿನೈದು ದಿನ, ದಿನಕ್ಕೆ ಎಂಟು ಗಂಟೆ ಎಂದು ಉದಾರವಾಗಿ ಹಿಡಿದರೂ 120 ದಾಟುವುದಿಲ್ಲ. ನಿಮಗೆ ಕೊಡುವ ಪತ್ರವೂ ಇದೇ ಬಗೆಯದಾದರೆ, ತಾನು ಯಾವ ಶಿಫಾರಸಿನ ಹೆಸರು ಹೇಳಿ ಹಣ ಕೇಳುತ್ತಿದೆಯೋ ಅದರ ಕನಿಷ್ಠ ಗಂಟೆಗಳನ್ನೇ ಆ ಸಂಸ್ಥೆ ಪೂರೈಸುತ್ತಿಲ್ಲ.

ಇದು ತರಗತಿಯ ಲೆಕ್ಕವಾಯಿತು. ಅದೇ ಕೋಷ್ಟಕದ ಪಕ್ಕದಲ್ಲಿ ಕೆಲಸದ ಅನುಭವದ ಲೆಕ್ಕವೂ ಇದೆ. ಅದನ್ನು ಜಾಹೀರಾತುಗಳಲ್ಲಿ ನಾನು ನೋಡಿದ್ದು ಅಪರೂಪ. ಅಲ್ಟ್ರಾಸಾನಿಕ್ ಒಂದಕ್ಕೇ ಲೆವೆಲ್ 1ಕ್ಕೆ 210 ಗಂಟೆ, ಮುಂದೆ ಲೆವೆಲ್ 2ಕ್ಕೆ 630 ಗಂಟೆ ಮೇಲ್ವಿಚಾರಣೆಯಲ್ಲಿ ದುಡಿದಿರಬೇಕು. ಬೇರೆ ಏನೂ ಮಾಡದೆ ದಿನವಿಡೀ ಶಬ್ದ ಕಳಿಸಿ ಪ್ರತಿಧ್ವನಿ ಹಿಡಿಯುವ ಪ್ರೋಬ್ ಹಿಡಿದು ನಿಂತರೂ ಇದಕ್ಕೆ ತಿಂಗಳುಗಳು ಬೇಕು. ಈ ಭಾಗವನ್ನು ಯಾವ ತರಬೇತಿ ಸಂಸ್ಥೆಯೂ ಮಾರಲಾರದು. ಪ್ರಾಮಾಣಿಕ ಸಂಸ್ಥೆಗಳು ಕೊಡುವುದು ತರಬೇತಿ ಮುಗಿಸಿದ, ಪರೀಕ್ಷೆ ಪಾಸಾದ ಪತ್ರವನ್ನು ಮಾತ್ರ, ಮತ್ತು ಅದನ್ನು ಹಾಗೆಂದೇ ಹೇಳುತ್ತವೆ.

ಇನ್ನೂ ಒಂದು ವಿಷಯವಿದೆ. ವರ್ಷಗಟ್ಟಲೆ ಈ ಕಸುಬಿನಲ್ಲಿರುವ ಹುಡುಗರಿಗೂ ಅದು ಗೊತ್ತಿರುವುದಿಲ್ಲ. ಎಸ್‌ಎನ್‌ಟಿ-ಟಿಸಿ-1ಎ ಪ್ರಕಾರ ಲೆವೆಲ್ 1 ಮತ್ತು 2 ಪ್ರಮಾಣೀಕರಿಸುವುದು ಉದ್ಯೋಗದಾತ. ಕಂಪನಿ ತನ್ನದೇ ಲಿಖಿತ ಪದ್ಧತಿಯನ್ನು ಇಟ್ಟುಕೊಂಡು, ಒಬ್ಬ ಲೆವೆಲ್ 3 ತಜ್ಞರ ಹೊಣೆಯಲ್ಲಿ ಪರೀಕ್ಷೆ ನಡೆಸಿ, ‘ನಮ್ಮಲ್ಲಿ ಈ ಕೆಲಸಕ್ಕೆ ಈಕೆ ಅರ್ಹಳು’ ಎಂದು ಬರೆದುಕೊಡುತ್ತದೆ. ಕಂಪನಿ ಬಿಟ್ಟ ದಿನ ಆ ಪ್ರಮಾಣಪತ್ರದ ಬೆಲೆಯೂ ಮುಗಿಯುತ್ತದೆ. ಹೊಸ ಕಂಪನಿ ತನ್ನ ಪದ್ಧತಿಯಂತೆ ಮತ್ತೆ ಪ್ರಮಾಣೀಕರಿಸಬೇಕು. ಹಾಗಿರುವಾಗ, ನಿಮ್ಮ ಮಗಳಿಗೆ ಕೆಲಸವನ್ನೇ ಕೊಡದ ಸಂಸ್ಥೆ ಬರೆದುಕೊಡುವ ‘ಅಂತರರಾಷ್ಟ್ರೀಯ’ ಪತ್ರಕ್ಕೆ ಎಷ್ಟು ತೂಕ ಎಂದು ನೀವೇ ಯೋಚಿಸಿ. ಕೆಲಸ ಬದಲಿಸಿದರೂ ಜೊತೆಗೆ ಬರುವಂಥದ್ದು ಬೇಕಾದರೆ ಐಎಸ್‌ಒ 9712 ಅಥವಾ ನಮ್ಮ ಐಎಸ್ 13805 ಮಾನದಂಡದ ದಾರಿ ಹಿಡಿಯಬೇಕು. ಅಲ್ಲಿ ಪ್ರಮಾಣೀಕರಿಸುವುದು ಉದ್ಯೋಗದಾತನಲ್ಲ, ಸ್ವತಂತ್ರ ಮಂಡಳಿ. ಚೆನ್ನೈನಲ್ಲಿ ಕೇಂದ್ರ ಕಚೇರಿ ಇರುವ, 1989ರಲ್ಲಿ ರೂಪುಗೊಂಡ ಭಾರತೀಯ ನಾಶರಹಿತ ಪರೀಕ್ಷಾ ಸೊಸೈಟಿಗೆ ಅಂಥ ರಾಷ್ಟ್ರೀಯ ಪ್ರಮಾಣೀಕರಣ ಮಂಡಳಿಯಿದೆ. ಬೆಂಗಳೂರಿನಲ್ಲಿ ಅದರ ಶಾಖೆಯೂ ಇದೆ. ಈ ಪರೀಕ್ಷೆಯಲ್ಲಿ ದೋಷವಿರುವ ನಿಜವಾದ ತುಂಡುಗಳನ್ನು ಕೈಗೆ ಕೊಟ್ಟು, ಹುಡುಕಿ ಗುರುತು ಮಾಡು ಎನ್ನುತ್ತಾರೆ. ಫೇಲಾಗುವವರು ಬೇಕಾದಷ್ಟು ಜನ. ನನ್ನ ಲೆಕ್ಕದಲ್ಲಿ ಅದು ಒಳ್ಳೆಯ ಲಕ್ಷಣ.

ಈಗ ನಿಮ್ಮ ಸಹೋದ್ಯೋಗಿಯ ಮಾತು. ಯಂತ್ರ ಎಲ್ಲವನ್ನೂ ಹೇಳುತ್ತದೆ ಎಂಬ ನಂಬಿಕೆ ಎಂಜಿನಿಯರುಗಳಲ್ಲೂ ಇದೆ. ಅಲ್ಟ್ರಾಸಾನಿಕ್ ಯಂತ್ರದ ಪರದೆಯ ಮೇಲೆ ಕಾಣುವುದು ಒಂದು ಗೆರೆ, ಅದರಲ್ಲಿ ಏಳುವ ಕೆಲವು ಮೊನೆಗಳು. ಶಬ್ದ ಎಲ್ಲಿಂದಲೋ ತಟ್ಟಿ ಹಿಂದಿರುಗಿತು ಎನ್ನುವುದಷ್ಟೇ ಅದರ ಅರ್ಥ. ಅದು ಬೆಸುಗೆಯೊಳಗಿನ ಬಿರುಕೋ, ಸಿಕ್ಕಿಕೊಂಡ ಸ್ಲ್ಯಾಗೋ (ಬೆಸುಗೆಯ ಕಿಟ್ಟ), ಅಥವಾ ಬೆಸುಗೆಯ ಬುಡದ ಸಹಜ ಉಬ್ಬಿನಿಂದ ಬಂದ ಪ್ರತಿಧ್ವನಿಯೋ ಎಂದು ನಿರ್ಧರಿಸಬೇಕಾದದ್ದು ಪ್ರೋಬ್ ಹಿಡಿದ ವ್ಯಕ್ತಿ. ಅವಳಿಗೆ ಬೆಸುಗೆಯ ಅಂಚನ್ನು ಹೇಗೆ ಸವರಿ ಸಿದ್ಧಪಡಿಸಿದ್ದರು, ಬೆಸುಗೆಗಾರ ಯಾವ ಪ್ರಕ್ರಿಯೆ ಬಳಸಿದ್ದ ಎಂಬುದೂ ಗೊತ್ತಿರಬೇಕು.

ಅದರ ಮೇಲೆ ಪ್ರತಿ ವಿಧಾನಕ್ಕೂ ಒಂದೊಂದು ಕುರುಡುತನವಿದೆ. ಪೆನೆಟ್ರಂಟ್ ಮೇಲ್ಮೈಗೆ ಬಾಯಿ ತೆರೆದ ಬಿರುಕನ್ನು ಮಾತ್ರ ತೋರಿಸುತ್ತದೆ. ಆ ಬಾಯಿಯಲ್ಲಿ ಗ್ರೀಸೋ ಬಣ್ಣವೋ ತುಂಬಿದ್ದರೆ ಅದನ್ನೂ ತೋರಿಸುವುದಿಲ್ಲ. ಮ್ಯಾಗ್ನೆಟಿಕ್ ಪಾರ್ಟಿಕಲ್ ವಿಧಾನ ಕಾಂತಕ್ಕೆ ಅಂಟುವ ಲೋಹಗಳಿಗೆ ಮಾತ್ರ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ತೊಟ್ಟಿಯ ಮೇಲೆ ಅದನ್ನು ಬಳಸಿ ‘ದೋಷವಿಲ್ಲ’ ಎಂದು ಬರೆಯುವುದು ಕಾಗದ ಹಾಳು. ಕಿರಣದ ದಿಕ್ಕಿಗೆ ಅಡ್ಡವಾಗಿ ಮಲಗಿದ ತೆಳುವಾದ ಬಿರುಕು ರೇಡಿಯೋಗ್ರಫಿಗೆ ಬಹುತೇಕ ಕಾಣುವುದಿಲ್ಲ; ಅಲ್ಟ್ರಾಸಾನಿಕ್‌ಗೆ ಅಡ್ಡಲಾಗಿ ನಿಂತದ್ದೇ ಚೆನ್ನಾಗಿ ಕಾಣುತ್ತದೆ, ಶಬ್ದಕ್ಕೆ ಸಮಾನಾಂತರವಾಗಿದ್ದರೆ ತಪ್ಪಿಸಿಕೊಳ್ಳುತ್ತದೆ. ರೈಲು ಹಳಿಯ ಮೇಲೆ ತಳ್ಳುಗಾಡಿಯಂಥ ಯಂತ್ರವನ್ನು ತಳ್ಳಿಕೊಂಡು ಹೋಗುವ ಸಿಬ್ಬಂದಿಯನ್ನು ನೀವು ನೋಡಿರಬಹುದು. ಅದರೊಳಗೆ ನೇರ ಕೆಳಗೆ ನೋಡುವ ಪ್ರೋಬ್ ಇದೆ. ಸಾಲದೆಂದು 70 ಡಿಗ್ರಿ ಓರೆಯಲ್ಲಿ ಮುಂದಕ್ಕೂ ಹಿಂದಕ್ಕೂ ನೋಡುವ ಪ್ರೋಬ್‌ಗಳನ್ನೂ ಇಟ್ಟಿರುತ್ತಾರೆ. ಹಳಿಯ ತಲೆಯಲ್ಲಿ ಅಡ್ಡಲಾಗಿ ಬೆಳೆದು ಒಂದು ದಿನ ಹಳಿಯನ್ನೇ ತುಂಡರಿಸುವ ಬಿರುಕು ನೇರ ಪ್ರೋಬ್‌ಗೆ ಸಿಗುವುದಿಲ್ಲ ಎನ್ನುವುದೇ ಅದಕ್ಕೆ ಕಾರಣ. ಹಿಂದೆ ನಿಲ್ದಾಣಗಳಲ್ಲಿ ಸುತ್ತಿಗೆಯಿಂದ ಗಾಲಿ ತಟ್ಟಿ ನಾದ ಕೇಳುತ್ತಿದ್ದವರದೂ ಇದೇ ವಿದ್ಯೆ, ಕಿವಿಯ ಮಟ್ಟದ್ದು.

ಕಲಿಕೆ ಎಲ್ಲಿ ಕೈಕೊಡುತ್ತದೆ ಎಂಬುದಕ್ಕೆ ನಾನು ತರಬೇತಿಗಳಲ್ಲಿ ಹೇಳುವ ಪ್ರಕರಣ 1989ರ ಜುಲೈ 19ರದು. ಅಮೆರಿಕದಲ್ಲಿ ಡೆನ್ವರ್‌ನಿಂದ ಶಿಕಾಗೊಗೆ ಹೊರಟಿದ್ದ ಯುನೈಟೆಡ್ ಏರ್‌ಲೈನ್ಸ್‌ನ 232ನೇ ವಿಮಾನದ ಬಾಲದ ಎಂಜಿನ್ನಿನಲ್ಲಿ ಟೈಟಾನಿಯಂ ಫ್ಯಾನ್ ಡಿಸ್ಕ್ ಸಿಡಿಯಿತು. ಅದರ ಚೂರುಗಳು ವಿಮಾನವನ್ನು ನಿಯಂತ್ರಿಸುವ ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳನ್ನು ಕತ್ತರಿಸಿದವು. ಸೂ ಸಿಟಿಯಲ್ಲಿ ಇಳಿಸುವ ಪ್ರಯತ್ನದಲ್ಲಿ 296 ಜನರಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಲೋಹ ಕರಗಿಸುವಾಗಲೇ ಉಳಿದಿದ್ದ ಒಂದು ಗಡಸು ಚುಕ್ಕೆಯಿಂದ ಆ ಬಿರುಕು ಶುರುವಾಗಿತ್ತು. 1988ರಲ್ಲಿ ಆ ಡಿಸ್ಕ್ ಹೊಳೆಯುವ ಪೆನೆಟ್ರಂಟ್ ಪರೀಕ್ಷೆಗೆ ಒಳಗಾಗಿತ್ತು. ಆಗಲೇ ಬಿರುಕು ಅರ್ಧ ಇಂಚಿನಷ್ಟು ಬೆಳೆದಿದ್ದಿರಬೇಕು ಎಂದು ತನಿಖೆ ಅಂದಾಜು ಮಾಡಿತು. ಅರ್ಧ ಇಂಚು ಎಂದರೆ ಸಣ್ಣದಲ್ಲ. ಪೆನೆಟ್ರಂಟ್ ದ್ರವವನ್ನು ಯಾರೂ ದೂರಲಿಲ್ಲ. ತನಿಖಾಧಿಕಾರಿಗಳು ಬೊಟ್ಟು ಮಾಡಿದ್ದು ಪರೀಕ್ಷೆಯ ಕ್ರಮದಲ್ಲಿ ಮನುಷ್ಯನ ಮಿತಿಗಳನ್ನು ಸಾಕಷ್ಟು ಪರಿಗಣಿಸದೇ ಇದ್ದುದಕ್ಕೆ. ಆ ದುರಂತದ ನಂತರ ಅಮೆರಿಕದ ವಾಯುಯಾನ ಆಡಳಿತವು ಅಯೋವಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಎಂಜಿನ್ ತಯಾರಕರನ್ನು ಒಟ್ಟುಗೂಡಿಸಿ ಟೈಟಾನಿಯಂ ಪರೀಕ್ಷೆಯ ಸಂಶೋಧನೆಗೆ ಹಣ ಹೂಡಿತು. ಇಷ್ಟು ಗಾತ್ರದ ದೋಷವನ್ನು ಇಂಥ ವಿಧಾನದಿಂದ, ಇಂಥ ಪರಿಸ್ಥಿತಿಯಲ್ಲಿ ಒಬ್ಬ ಸಾಮಾನ್ಯ ಪರೀಕ್ಷಕ ಎಷ್ಟು ಸಲ ಹಿಡಿಯಬಲ್ಲ ಎಂಬುದನ್ನು ಸಂಭಾವ್ಯತೆಯ ಲೆಕ್ಕದಲ್ಲಿ ಅಳೆಯುವುದು ಇಂದಿಗೂ ಈ ಕ್ಷೇತ್ರದ ಜೀವಂತ ಸಂಶೋಧನಾ ವಿಷಯ.

ನಮ್ಮಲ್ಲಿ ಕಾಣುವ ರೋಗ ಸ್ವಲ್ಪ ಬೇರೆ. ಪೈಪ್‌ಲೈನ್ ಗುತ್ತಿಗೆಯೊಂದರಲ್ಲಿ ರೇಡಿಯೋಗ್ರಫಿ ಫಿಲ್ಮ್‌ಗಳನ್ನು ಮರುಪರಿಶೀಲಿಸುವಾಗ, ಎರಡು ಬೇರೆ ಬೇರೆ ಜೋಡಣೆಗಳ ಫಿಲ್ಮ್‌ಗಳಲ್ಲಿ ಗಾಳಿಗುಳ್ಳೆಗಳು ಒಂದೇ ವಿನ್ಯಾಸದಲ್ಲಿ ಕೂತಿರುವುದು ಕಣ್ಣಿಗೆ ಬಿತ್ತು. ಚೆನ್ನಾಗಿ ಬಂದ ಒಂದು ಜೋಡಣೆಯನ್ನೇ ಮತ್ತೆ ಮತ್ತೆ ಚಿತ್ರೀಕರಿಸಿ, ಫಿಲ್ಮಿನಲ್ಲಿ ಜೋಡಣೆಯ ಸಂಖ್ಯೆ ಮೂಡಿಸುವ ಸೀಸದ ಅಂಕಿಗಳನ್ನು ಮಾತ್ರ ಬದಲಿಸಿದ್ದರು. ಕೆಲಸ ಮಾಡಿದ ಹುಡುಗರ ಬಳಿ ಲೆವೆಲ್ 2 ಪತ್ರಗಳಿದ್ದವು. ಅವರನ್ನು ಬೈದು ಪ್ರಯೋಜನವಿರಲಿಲ್ಲ. ಮರುದಿನದೊಳಗೆ ಇಷ್ಟು ಜೋಡಣೆ ಮುಗಿಸಬೇಕೆಂಬ ಒತ್ತಡ ಮೇಲಿನಿಂದ ಬಂದಿತ್ತು, ಆಗುವುದಿಲ್ಲ ಎನ್ನುವ ಧೈರ್ಯವನ್ನು ಯಾರೂ ಅವರಿಗೆ ಕಲಿಸಿರಲಿಲ್ಲ. ನಿಮ್ಮ ಮಗಳು ಈ ಕಸುಬಿಗೆ ಬಂದರೆ ವಿಕಿರಣಕ್ಕಿಂತ ಹೆಚ್ಚಾಗಿ ಎದುರಿಸಬೇಕಾದದ್ದು ಇದನ್ನು.

ವಿಕಿರಣದ ವಿಷಯಕ್ಕೆ ಬರುತ್ತೇನೆ. ಹಿರಿಯರ ಆತಂಕವನ್ನು ತಳ್ಳಿಹಾಕಬೇಡಿ, ಆದರೆ ಅದು ಎಲ್ಲಿಗೆ ಅನ್ವಯಿಸುತ್ತದೆ ಎಂದು ಅವರಿಗೆ ಬಿಡಿಸಿ ಹೇಳಿ. ನೀವು ಹೆಸರಿಸಿದ ನಾಲ್ಕರಲ್ಲಿ ವಿಕಿರಣ ಇರುವುದು ರೇಡಿಯೋಗ್ರಫಿಯಲ್ಲಿ ಮಾತ್ರ. ಅಲ್ಟ್ರಾಸಾನಿಕ್ ಎಂದರೆ ಶಬ್ದ, ಸಾಮಾನ್ಯವಾಗಿ 2ರಿಂದ 5 ಮೆಗಾಹರ್ಟ್ಸ್. ಗರ್ಭಿಣಿಯರ ಹೊಟ್ಟೆ ಸ್ಕ್ಯಾನ್ ಮಾಡುವುದೂ ಇಂಥ ಶಬ್ದದಿಂದಲೇ. ಪೆನೆಟ್ರಂಟ್‌ನ ಅಪಾಯವೆಂದರೆ ಗಾಳಿಯಾಡದ ಜಾಗದಲ್ಲಿ ಅದರ ದ್ರಾವಕದ ಆವಿ, ಮತ್ತು ಬೆಂಕಿ.

ರೇಡಿಯೋಗ್ರಫಿಯಲ್ಲಿ ಹೆಚ್ಚಾಗಿ ಬಳಸುವುದು ಇರಿಡಿಯಂ-192. ಅದರ ಅರ್ಧಾಯು ಸುಮಾರು 74 ದಿನ, ಅಂದರೆ ಅಷ್ಟರಲ್ಲಿ ಅದರ ವಿಕಿರಣ ಅರ್ಧಕ್ಕಿಳಿಯುತ್ತದೆ. ಆ ಚಿಕ್ಕ ತುಣುಕು ಭಾರವಾದ ಕವಚವಿರುವ ಗಾಮಾ ಕ್ಯಾಮೆರಾದೊಳಗೆ ಕೂತಿರುತ್ತದೆ; ದೂರದಿಂದ ಹಿಡಿಕೆ ತಿರುಗಿಸಿ ಹೊರಗೆ ತಳ್ಳುತ್ತಾರೆ, ಫಿಲ್ಮ್ ಆದ ಮೇಲೆ ಒಳಗೆ ಎಳೆದುಕೊಳ್ಳುತ್ತಾರೆ. ಒಳಗೆ ಬಂದಿದೆ ಎಂದುಕೊಂಡು, ಮಾಪಕದಲ್ಲಿ ನೋಡದೆ ಹತ್ತಿರ ಹೋಗುವುದರಿಂದ ಗಂಭೀರ ಅನಾಹುತಗಳಾಗುತ್ತವೆ. ನಿಯಮದಂತೆ ನಡೆದರೆ ದೂರವೇ ದೊಡ್ಡ ರಕ್ಷಣೆ: ಒಂದು ಮೀಟರಿನಲ್ಲಿದ್ದ ತೀವ್ರತೆ ಹತ್ತು ಮೀಟರಿನಲ್ಲಿ ನೂರರಲ್ಲಿ ಒಂದು ಭಾಗವಾಗುತ್ತದೆ. 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಈ ಕೆಲಸಗಾರರಿಗೆ ವರ್ಷಕ್ಕೆ ಸರಾಸರಿ 20 ಮಿಲಿಸೀವರ್ಟ್ (ದೇಹಕ್ಕೆ ತಗಲಿದ ವಿಕಿರಣದ ಅಳತೆ) ಮಿತಿಯನ್ನು ಐದು ವರ್ಷಗಳ ಲೆಕ್ಕದಲ್ಲಿ ಇಟ್ಟಿದೆ. ಯಾವುದೇ ಒಂದು ವರ್ಷದಲ್ಲಿ 30 ಮೀರುವಂತಿಲ್ಲ. ಎದೆಗೆ ಧರಿಸುವ ಟಿಎಲ್‌ಡಿ ಬ್ಯಾಡ್ಜ್ ಈ ಲೆಕ್ಕವನ್ನು ಇಡುತ್ತದೆ. ಗರ್ಭಿಣಿಯಾದರೆ ಸಂಸ್ಥೆಗೆ ತಿಳಿಸಿದ ಕ್ಷಣದಿಂದ, ಉಳಿದ ಅವಧಿಯಲ್ಲಿ ಮಗುವಿಗೆ 1 ಮಿಲಿಸೀವರ್ಟ್ ಮೀರದಂತೆ ಕೆಲಸ ಬದಲಿಸಿಕೊಡಬೇಕು. ಬ್ಯಾಡ್ಜ್ ಕೊಡದ, ಅಥವಾ ಕೊಟ್ಟು ಕಚೇರಿಯ ಡ್ರಾಯರಿನಲ್ಲಿ ಇಡಿಸುವ ಗುತ್ತಿಗೆದಾರರು ಇದ್ದಾರೆ. ಅಂಥಲ್ಲಿ ಒಂದು ದಿನವೂ ನಿಲ್ಲಬಾರದು.

ಇಲ್ಲೇ ಆ ಸಂಸ್ಥೆಯ ಇನ್ನೊಂದು ಮರೆಮಾಚುವಿಕೆ ಇದೆ. ರೇಡಿಯೋಗ್ರಫಿ ಲೆವೆಲ್ 2 ಪತ್ರ ಇದ್ದ ಮಾತ್ರಕ್ಕೆ ವಿಕಿರಣ ಮೂಲವನ್ನು ಮುಟ್ಟುವ ಅಧಿಕಾರ ಬರುವುದಿಲ್ಲ. ಅದಕ್ಕೆ ಬೇರೆಯೇ ತರಬೇತಿ, ಪರೀಕ್ಷೆ ಇದೆ; ಭಾಭಾ ಪರಮಾಣು ಸಂಶೋಧನಾ ಕೇಂದ್ರ ಹಲವು ವರ್ಷಗಳಿಂದ ನಡೆಸಿಕೊಂಡು ಬಂದಿರುವ ರೇಡಿಯೋಗ್ರಾಫರ್ ಕೋರ್ಸ್ ಆ ಬಗೆಯದು. ಹದಿನೆಂಟು ತುಂಬಿರಬೇಕು, ವೈದ್ಯಕೀಯ ತಪಾಸಣೆ ಆಗಿರಬೇಕು. ಮೂಲವನ್ನೇ ಮುಟ್ಟದೆ, ಬೆಳಕಿನ ಪೆಟ್ಟಿಗೆಯ ಮುಂದೆ ಕೂತು ಫಿಲ್ಮ್ ಓದುವ ಕೆಲಸವೂ ರೇಡಿಯೋಗ್ರಫಿಯಲ್ಲಿ ಇದೆ ಎಂದು ಹಿರಿಯರಿಗೆ ಹೇಳಿ.

ನಿಜವಾದ ಕಷ್ಟಗಳು ಬೇರೆ ಇವೆ. ಕಾರ್ಖಾನೆ ಮುಚ್ಚಿ ರಿಪೇರಿ ಮಾಡುವ ದಿನಗಳಲ್ಲಿ ಹನ್ನೆರಡು ಗಂಟೆಯ ಪಾಳಿ, ರಾತ್ರಿ ಕೆಲಸ, ಬಾಯ್ಲರಿನ ಒಳಗೆ ತೂರುವುದು, ಎತ್ತರದ ಅಟ್ಟಣಿಗೆ. ಅನೇಕ ಸೈಟುಗಳಲ್ಲಿ ಹೆಣ್ಣುಮಕ್ಕಳಿಗೆ ಸರಿಯಾದ ಶೌಚಾಲಯವೂ ಇರುವುದಿಲ್ಲ. ಆರಂಭದ ಸಂಬಳ ಕಡಿಮೆ, ಬಹಳಷ್ಟು ಕೆಲಸ ಗುತ್ತಿಗೆಯದು. ವಿಮಾನ ಮತ್ತು ರೈಲು ಬಿಡಿಭಾಗಗಳ ಕಾರ್ಖಾನೆಗಳಲ್ಲಿ ಇದೇ ಕೆಲಸ ಸೂರಿನಡಿ, ನಿಗದಿತ ಪಾಳಿಯಲ್ಲಿ ನಡೆಯುತ್ತದೆ. ಎಚ್‌ಎಎಲ್, ಯಲಹಂಕದ ರೈಲು ಗಾಲಿ ಕಾರ್ಖಾನೆ ಮತ್ತು ಇವುಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ಘಟಕಗಳಿಂದಾಗಿ ಬೆಂಗಳೂರಿನ ಸುತ್ತ ಅಂಥ ಅವಕಾಶ ಇದೆ. ಮಂಗಳೂರಿನ ತೈಲ ಶುದ್ಧೀಕರಣಾಗಾರ, ತೋರಣಗಲ್ಲಿನ ಉಕ್ಕು, ಕೈಗಾ ಇವುಗಳ ಕೆಲಸದ ಸ್ವಭಾವ ಬೇರೆ.

ಹಾಗಾದರೆ ಏನು ಮಾಡಬೇಕು? ನನ್ನ ಮಗಳಾಗಿದ್ದರೆ ಮೊದಲು ಕಣ್ಣಿನ ವೈದ್ಯರ ಬಳಿ ಕಳಿಸುತ್ತಿದ್ದೆ. ಸುಮಾರು 30 ಸೆಂಟಿಮೀಟರ್ ದೂರದಿಂದ ಬಹಳ ಸಣ್ಣ ಅಕ್ಷರ ಓದಬೇಕು, ಕನ್ನಡಕ ಹಾಕಿಕೊಂಡರೂ ಸರಿಯೇ. ಬಣ್ಣಗಳ ವ್ಯತ್ಯಾಸವೂ ತಿಳಿಯಬೇಕು. ಹತ್ತಿರದ ದೃಷ್ಟಿಯನ್ನು ವರ್ಷವರ್ಷವೂ ಪರೀಕ್ಷಿಸುತ್ತಾರೆ. ಹಣ ಕಟ್ಟಿದ ಮೇಲೆ ಇದು ಗೊತ್ತಾಗಬಾರದು.

ಅದಾದ ಮೇಲೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಯೋಜನೆಯಲ್ಲಿ ಡಿಪ್ಲೊಮಾದವರಿಗೆ ಇರುವ ಒಂದು ವರ್ಷದ ತರಬೇತಿಗೆ ಅರ್ಜಿ ಹಾಕಿಸಿ. ಎನ್‌ಡಿಟಿ ವಿಭಾಗವೇ ಸಿಗುತ್ತದೆ ಎಂದು ಹೇಳಲಾರೆ. ಗುಣಮಟ್ಟ ವಿಭಾಗ ಕೇಳಿಕೊಂಡರೆ ಹತ್ತಿರ ಬಂದಂತೆ. ಇಲ್ಲವೇ ತಪಾಸಣಾ ಕಂಪನಿಯೊಂದರಲ್ಲಿ ಸಹಾಯಕಿಯಾಗಿ ಸೇರಬಹುದು. ಮೊದಲ ವರ್ಷ ಗ್ರೈಂಡಿಂಗ್, ಸ್ವಚ್ಛ ಮಾಡುವುದು, ದಾಖಲೆ ಬರೆಯುವುದು ಇವೇ ಹೆಚ್ಚು. ಬೇಸರವಾಗುತ್ತದೆ. ಆದರೆ ದಿನದಿನದ ಗಂಟೆಗಳನ್ನು ವಿಧಾನವಾರು ಬರೆದು ಮೇಲಿನವರ ಸಹಿ ಹಾಕಿಸಿಕೊಂಡ ಲಾಗ್ ಪುಸ್ತಕ ಅವಳ ಕೈಯಲ್ಲಿರುತ್ತದೆ, ಮುಂದಿನ ಯಾವ ಪರೀಕ್ಷೆಗೂ ಕೇಳುವುದು ಅದನ್ನೇ. ಜೊತೆಜೊತೆಗೆ ಪೆನೆಟ್ರಂಟ್ ಮತ್ತು ಮ್ಯಾಗ್ನೆಟಿಕ್ ಪಾರ್ಟಿಕಲ್ ಮಾತ್ರ ಮೊದಲು ಕಲಿಯಲಿ, ಸ್ವತಂತ್ರ ಮಂಡಳಿಯ ಪರೀಕ್ಷೆ ಬರೆಯಲಿ. ಅಲ್ಟ್ರಾಸಾನಿಕ್ ಆಮೇಲೆ, ನಿಧಾನವಾಗಿ. ನಾಲ್ಕನ್ನೂ ಒಟ್ಟಿಗೆ ಹೊತ್ತುಕೊಂಡವರಲ್ಲಿ ಒಂದನ್ನೂ ಗಟ್ಟಿಯಾಗಿ ಬಲ್ಲವರನ್ನು ನಾನು ಹೆಚ್ಚು ಕಂಡಿಲ್ಲ. ಓದು ಮುಂದುವರಿಸುವ ಮನಸ್ಸಿದ್ದರೆ ಬಿಇ ಮಾಡಿ ಸಂಶೋಧನೆಯತ್ತಲೂ ಹೋಗಬಹುದು. ಐಐಟಿ ಮದ್ರಾಸ್‌ನಲ್ಲಿ ಇದಕ್ಕೇ ಮೀಸಲಾದ ಕೇಂದ್ರವಿದೆ, ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಬಲ್‌ದೇವ್ ರಾಜ್ ಮತ್ತು ಅವರ ಸಂಗಡಿಗರು ಕಟ್ಟಿದ ಪರಂಪರೆಯಿದೆ. ರಿಯಾಕ್ಟರಿನ ಬೆಸುಗೆಗಳನ್ನು ಪರೀಕ್ಷಿಸುವ ಅದೇ ಕೌಶಲದಿಂದ ಅವರು ದಕ್ಷಿಣ ಭಾರತದ ಕಂಚಿನ ವಿಗ್ರಹಗಳ ‘ಬೆರಳಚ್ಚು’ ದಾಖಲಿಸುವ ಕೆಲಸವನ್ನೂ ಮಾಡಿದ್ದರು, ಕದ್ದು ಸಾಗಿಸಿದ ಮೂರ್ತಿಯನ್ನು ಮತ್ತೆ ಗುರುತಿಸಲು ಅನುಕೂಲವಾಗಲಿ ಎಂದು.

ನಿಮ್ಮ ಕಾಲೇಜಿನ ಪ್ರಶ್ನೆಯನ್ನು ಕೊನೆಗೆ ಇಟ್ಟಿದ್ದೀರಿ. ನನಗೆ ಅದೇ ಹೆಚ್ಚು ಇಷ್ಟವಾಯಿತು. ದುಬಾರಿ ಯಂತ್ರ ಇಲ್ಲದಿದ್ದರೆ ಏನೂ ಆಗುವುದಿಲ್ಲ ಎನ್ನುವುದು ಸುಳ್ಳು. ಪೆನೆಟ್ರಂಟ್ ಕಿಟ್ ಎಂದರೆ ಸ್ವಚ್ಛಕ, ಕೆಂಪು ದ್ರವ, ಬಿಳಿ ಡೆವಲಪರ್, ಹೀಗೆ ಮೂರು ಬಗೆಯ ಸ್ಪ್ರೇ ಡಬ್ಬಿ. ಬಿರುಕು ಬಿಟ್ಟ ಮಾದರಿ ಬೇಕೆಂದರೆ 2024 ದರ್ಜೆಯ ಅಲ್ಯೂಮಿನಿಯಂ ತುಂಡನ್ನು ಕುಲುಮೆಯಲ್ಲಿ ಸುಮಾರು 510 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ತಣ್ಣೀರಿಗೆ ಹಾಕಿ. ಮೇಲ್ಮೈಯಲ್ಲಿ ಸಣ್ಣ ಬಿರುಕುಗಳ ಜಾಲ ಏಳುತ್ತದೆ. ಅದನ್ನು ಎರಡು ಭಾಗ ಮಾಡಿ ಒಂದನ್ನು ಚೆನ್ನಾಗಿ ಸ್ವಚ್ಛಗೊಳಿಸಿ, ಇನ್ನೊಂದಕ್ಕೆ ಗ್ರೀಸ್ ಬಳಿದು ಮೇಲೆ ಮಾತ್ರ ಒರೆಸಿ, ಎರಡಕ್ಕೂ ಕೆಂಪು ದ್ರವ ಸಿಂಪಡಿಸಿ. ಸ್ವಚ್ಛ ಮಾಡುವ ಕೆಲಸಕ್ಕೆ ಏಕೆ ಅಷ್ಟು ಗಮನ ಕೊಡಬೇಕೆಂದು ವಿದ್ಯಾರ್ಥಿಗಳಿಗೆ ಮತ್ತೆ ಹೇಳಬೇಕಾಗುವುದಿಲ್ಲ. ಲೋಹವನ್ನು ಕಾಂತಗೊಳಿಸುವ ಕೈ ಉಪಕರಣವಾದ ಪರ್ಯಾಯ ವಿದ್ಯುತ್ತಿನ ಮ್ಯಾಗ್ನೆಟಿಕ್ ಯೋಕ್ ಸರಿಯಿದೆಯೇ ಎಂದು ನೋಡಲು 4.5 ಕಿಲೊ ತೂಕದ ಉಕ್ಕಿನ ತುಂಡನ್ನು ಅದು ಎತ್ತುತ್ತದೆಯೇ ಎಂದು ನೋಡಿದರಾಯಿತು. ಅಲ್ಟ್ರಾಸಾನಿಕ್ ಯಂತ್ರ ಬರುವವರೆಗೆ ಲೆಕ್ಕವನ್ನಾದರೂ ಮಾಡಿಸಿ: ಉಕ್ಕಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 5,920 ಮೀಟರ್ ಓಡುತ್ತದೆ, 25 ಮಿಲಿಮೀಟರ್ ತಗಡಿನ ತಳ ಮುಟ್ಟಿ ಮರಳಲು ಎಷ್ಟು ಹೊತ್ತು? ಸುಮಾರು 8.4 ಮೈಕ್ರೊಸೆಕೆಂಡ್ ಎಂಬ ಉತ್ತರ ತಾವೇ ತೆಗೆದ ವಿದ್ಯಾರ್ಥಿಗೆ ಆ ಪರದೆ ಮುಂದೆಂದೂ ಮಾಯಾಪೆಟ್ಟಿಗೆಯಾಗಿ ಕಾಣುವುದಿಲ್ಲ.

ನಿಮ್ಮ ವೆಲ್ಡಿಂಗ್ ಶಾಪಿನಲ್ಲಿ ಬೇಕೆಂದೇ ದೋಷವಿಟ್ಟ ಬೆಸುಗೆ ತುಂಡುಗಳನ್ನು ಮಾಡಿಸಿ, ಯಾವುದರಲ್ಲಿ ಏನಿದೆ ಎಂದು ದಾಖಲೆ ಇಡಿ. ಸಂಶೋಧನೆ ಮಾಡುವವರಿಗೆ ಇಂದು ಗಣಕಯಂತ್ರಕ್ಕೆ ದೋಷ ಗುರುತಿಸಲು ಕಲಿಸುವ ಹುಮ್ಮಸ್ಸು ಜೋರಾಗಿದೆ, ಆದರೆ ಖಚಿತವಾಗಿ ಗೊತ್ತಿರುವ ದೋಷಗಳ ಮಾದರಿ ಯಾರಲ್ಲೂ ಸಾಕಷ್ಟಿಲ್ಲ. ಸಣ್ಣ ಕಾಲೇಜು ನಿಜವಾಗಿ ಕೈಜೋಡಿಸಬಹುದಾದ ಜಾಗ ಅದು. ಸೊಸೈಟಿಯ ಬೆಂಗಳೂರು ಶಾಖೆಗೆ ಪತ್ರ ಬರೆದು ಒಬ್ಬರನ್ನು ಉಪನ್ಯಾಸಕ್ಕೆ ಕರೆಸಿ.

ಸಾರ್ವಜನಿಕರ ತಿಳಿವಳಿಕೆಯ ಮಾತೂ ಇದೆ. ಹಳೆಯ ಕಟ್ಟಡಕ್ಕೆ ರಿಬೌಂಡ್ ಹ್ಯಾಮರ್ (ಪುಟಿತ ನೋಡಿ ಕಾಂಕ್ರೀಟಿನ ಗಟ್ಟಿತನ ಅಂದಾಜಿಸುವ ಸುತ್ತಿಗೆ) ಬಡಿದು ‘ಗಟ್ಟಿಯಾಗಿದೆ’ ಎಂದು ಬರೆದುಕೊಟ್ಟ ವರದಿಯನ್ನು ಜನ ನಂಬುತ್ತಾರೆ; ವಯಸ್ಸಾದ ಕಾಂಕ್ರೀಟಿನ ಹೊರಪದರ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಡುಸಾಗಿ, ಒಳಗಿಲ್ಲದ ಬಲವನ್ನು ತೋರಿಸಬಲ್ಲದು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ವಿಕಿರಣದ ಗುರುತನ್ನು ಶಾಲಾ ಮಕ್ಕಳಿಗೂ ಗುಜರಿ ಅಂಗಡಿಯವರಿಗೂ ತೋರಿಸಿಕೊಡಿ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಒಡೆದದ್ದು ಎನ್‌ಡಿಟಿಯ ಮೂಲವಲ್ಲ, ವಿಶ್ವವಿದ್ಯಾಲಯವೊಂದು ಹರಾಜು ಹಾಕಿದ್ದ ಹಳೆಯ ಕೋಬಾಲ್ಟ್ ಉಪಕರಣ. ಒಬ್ಬ ಕೆಲಸಗಾರ ಸತ್ತ, ಹಲವರು ಆಸ್ಪತ್ರೆ ಸೇರಿದರು.

ಇನ್ನು ಆ ಹದಿನೈದು ದಿನದ ಸಂಸ್ಥೆ. ಬೇಡ ಎಂದು ನಾನೇ ಹೇಳಿಬಿಡಬಹುದು, ಆದರೆ ಮಗಳು ಫೋನ್ ಮಾಡಿ ತಾನೇ ಕೇಳಲಿ. ಪ್ರತಿ ವಿಧಾನಕ್ಕೆ ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ಕೈಕೆಲಸ? ಸಹಿ ಹಾಕುವ ಲೆವೆಲ್ 3 ಯಾರು, ಅವರ ಪ್ರಮಾಣಪತ್ರ ಇಂದಿಗೂ ಚಾಲ್ತಿಯಲ್ಲಿದೆಯೇ, ಅವರು ನಿಜವಾಗಿ ಪಾಠ ಮಾಡುತ್ತಾರೆಯೇ? ಅನುಭವದ ಗಂಟೆಗಳ ಕಾಲಮ್ಮಿನಲ್ಲಿ ಏನು ಬರೆಯುತ್ತಾರೆ? ಕೆಲಸದ ಖಾತ್ರಿಯನ್ನು, ಸಿಗದಿದ್ದರೆ ಹಣ ವಾಪಸ್ ಎಂಬುದನ್ನು ಲೆಟರ್‌ಹೆಡ್‌ನಲ್ಲಿ ಬರೆದುಕೊಡುತ್ತಾರೆಯೇ? ಅನುಭವದ ಕಾಲಮ್ಮನ್ನು ‘ನಾವೇ ತುಂಬಿಕೊಡುತ್ತೇವೆ’ ಎಂಬ ಉತ್ತರ ಬಂದರೆ ಮುಂದಿನದನ್ನು ಕೇಳುವ ಅಗತ್ಯವೇ ಇಲ್ಲ. ಅದು ಸುಳ್ಳು ದಾಖಲೆ, ಅದರ ಮೇಲೆ ಇರುವುದು ಅವಳ ಹೆಸರು.